ಹತ್ತಕ್ಕೆ ಎಷ್ಟು

ಜನವರಿ ೯

ಬಣ್ಣಪ್ಪಾ,

ಮೊನ್ನೆ ಫೋನಿನಲ್ಲಿ ನೀನು ಹತ್ತು ನಿಮಿಷ ಕಿರುಚಿದೆ. ನನಗೆ ಕೇಳಿಸಿದ್ದು ಎರಡೇ ಮಾತು. ಒಂದು "ಹೋದೆಯಾ", ಇನ್ನೊಂದು "ಕತ್ತೆ". ಎರಡನೆಯದು ಅಕ್ಕನಿಗೆ ಅಂದದ್ದೋ ಬೀದಿಯಲ್ಲಿ ಹೋಗುತ್ತಿದ್ದ ಪ್ರಾಣಿಗೆ ಅಂದದ್ದೋ ತಿಳಿಯಲಿಲ್ಲ. ಇನ್ನು ಮೇಲೆ ಫೋನು ಬೇಡ. ಎಪ್ಪತ್ತಾರರ ಕಿವಿಯ ಜೊತೆ ಎಪ್ಪತ್ತೆರಡರ ಗಂಟಲು ಜಗಳಕ್ಕೆ ನಿಂತರೆ ಅಕ್ಕಪಕ್ಕದ ಮನೆಯವರಿಗೆ ತಮಾಷೆ. ಕಾಗದ ಬರೆ. ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದ ಕೈ, ಅಕ್ಕನಿಗೆ ನಾಲ್ಕು ಸಾಲು ಬರೆದರೆ ಸವೆದು ಹೋಗುವುದಿಲ್ಲ.

ಹೋದೆ ಮಾರಾಯ, ನಿನ್ನ ಹಟಕ್ಕೆ ನೋವಿನ ಕ್ಲಿನಿಕ್ಕಿಗೆ ಹೋಗಿಬಂದೆ. ಸರ್ಪಸುತ್ತು ಮಾಯ್ದು ಒಂಬತ್ತು ತಿಂಗಳಾಯಿತು, ಗುಳ್ಳೆಗಳ ಕಲೆಯೂ ಅಳಿಸಿದೆ, ನೋವು ಮಾತ್ರ ಎಡಪಕ್ಕೆಯಲ್ಲಿ ಮನೆ ಮಾಡಿಕೊಂಡಿದೆ ಎಂದೆ. ನರಕ್ಕೆ ಪೆಟ್ಟಾಗಿದೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಆಮೇಲೆ ಒಬ್ಬ ನರ್ಸು ಕಾರ್ಡೊಂದನ್ನು ಕೈಗಿಟ್ಟು ಏನೇನೋ ವಿವರಿಸಿದಳು. ಬಾಯಿಗೆ ಮಾಸ್ಕು ಬೇರೆ ಕಟ್ಟಿಕೊಂಡಿದ್ದಳು. ನಾನು ಗೋಣು ಹಾಕಿದೆ.

ಕಾರ್ಡಿನ ಮೇಲೆ "ನೋವಿನ ಅಂಕ" ಎಂದು ಅಚ್ಚು ಹಾಕಿಸಿದ್ದಾರೆ. ಕೆಳಗೆ ದಿನಕ್ಕೊಂದು ಮನೆ. ಒಂದೊಂದು ಮನೆಯಲ್ಲೂ ಹತ್ತಕ್ಕೆ ಎಷ್ಟು ಎಂದು ಬರೆಯಬೇಕು. ಮೂವತ್ತಾರು ವರ್ಷ ಮಕ್ಕಳಿಗೆ ಅಂಕ ಹಾಕಿದವಳಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೆ? ಅಲ್ಲೇ ನಿಂತು ಮೂರು ಹಾಕಿಕೊಟ್ಟೆ. ನಿಜಕ್ಕೂ ಎರಡೂವರೆ, ಅರ್ಧ ದಾಕ್ಷಿಣ್ಯಕ್ಕೆ.

ನಿನಗೂ ಅಲ್ಲಿ ಇಂಥದೇ ಕಾರ್ಡು ಕೊಟ್ಟಿದ್ದಾರೆ ಎಂದು ಹಿಂದೊಮ್ಮೆ ಬರೆದಿದ್ದೆಯಲ್ಲ. ನಿನ್ನದೆಷ್ಟು? ಸುಳ್ಳು ಬರೆಯಬೇಡ.

ಅಕ್ಕ


ಜನವರಿ ೨೪

ಟೀಚರಮ್ಮನವರಿಗೆ,

ಅದು ಕತ್ತೆ ಅಲ್ಲ ಅಕ್ಕ, ಕತ್ತು. ಕತ್ತು ನೋಯುತ್ತಿದೆ ಎಂದು ಕಿರುಚಿದ್ದೆ. ಎಷ್ಟೆಂದರೂ ನಲವತ್ತೈದು ವರ್ಷ ಏಣಿಯ ಮೇಲೆ ನಿಂತು ಮೇಲಕ್ಕೇ ನೋಡಿದ ಕತ್ತು, ಈಗ ಮುಷ್ಕರ ಹೂಡಿದೆ. ಅದು ಹೂಡಿದ್ದು ನೋಡಿ ಬಲಗೈಯೂ ಅದರ ಜೊತೆ ಸೇರಿಕೊಂಡಿದೆ. ಏಣಿಗೆ ರಜೆ ಕೊಟ್ಟಿದ್ದೇನೆ.

ನನ್ನದು ಏಳು. ಸುಳ್ಳಿಲ್ಲ. ಕತ್ತಿನ ಪುರಾಣವನ್ನೆಲ್ಲ ಬರೆದು ನಿನ್ನ ತಲೆ ತಿನ್ನುವುದಿಲ್ಲ, ಅಂಕ ಬರೆದರೆ ಸಾಕಲ್ಲ, ನಿನಗೆ ಅರ್ಥವಾಗುತ್ತದೆ.

ನಿನ್ನದು ಮೂರು ಎಂದು ಓದಿ ಎಷ್ಟು ಸಮಾಧಾನವಾಯಿತು ಗೊತ್ತೆ? ನಾನು ಏನೇನೋ ಕಲ್ಪಿಸಿಕೊಂಡಿದ್ದೆ.

ಹಿಂದಿನ ಕೋಣೆಯಿಂದ ಬಣ್ಣದ ಡಬ್ಬಿಗಳನ್ನೆಲ್ಲ ತೆಗೆಸಿ ಸುಣ್ಣ ಹೊಡೆಸಿದೆ. ನನ್ನ ಹೆಂಡತಿ ತೀರಿಕೊಂಡ ವರ್ಷ ನೀನು ಇಲ್ಲಿ ಬಂದಿದ್ದಾಗ ಅಡುಗೆಮನೆಯಲ್ಲಿ ನಿಂತು ಒಂದು ಒಪ್ಪಂದ ಮಾಡಿಕೊಂಡಿದ್ದೆವು, ನೆನಪಿದೆ ತಾನೆ? ಇಬ್ಬರಲ್ಲಿ ಯಾರಿಗೆ ಮೊದಲು ಕೈಲಾಗದೆ ಹೋದರೂ ನೀನು ಈ ಮನೆಗೆ ಬರುವುದು, ಆಮೇಲೆ ಕೊನೆತನಕ ಜೊತೆಗಿರುವುದು. ಕೈಲಾಗದಿದ್ದರೆ ಬಾಯಿಬಿಟ್ಟು ಹೇಳಬೇಕು ಎಂಬುದೊಂದೇ ಷರತ್ತು. ಅಲ್ಲಿಯ ತನಕ ನಿನ್ನ ಮನೆ ನಿನಗೆ, ನನ್ನ ಗಲೀಜು ನನಗೆ ಎಂದವಳು ನೀನೇ. ಕೋಣೆ ಸಿದ್ಧವಾಗಿದೆ ಎಂದು ತಿಳಿಸಲು ಬರೆದೆ ಅಷ್ಟೆ. ಅವಸರವೇನಿಲ್ಲ.

ನಿನ್ನ ತಮ್ಮ


ಫೆಬ್ರವರಿ ೧೧

ಬಣ್ಣಪ್ಪಾ,

ಏಳು! ಪರವಾಗಿಲ್ಲವೇ, ನಾನು ಅಂದುಕೊಂಡದ್ದಕ್ಕಿಂತ ಜಾಣ ನೀನು. ಆದರೆ ನನ್ನ ಮೂರಕ್ಕೆ ನೀನು ಸಮಾಧಾನಪಟ್ಟುಕೊಂಡದ್ದು ಓದಿ ನಗು ಬಂತು. ಲೆಕ್ಕದಲ್ಲಿ ಮೂರು ಬಂದರೂ ಚೀಲ ಬೀಸುತ್ತ ನಗುನಗುತ್ತ ಮನೆಗೆ ಬರುತ್ತಿದ್ದವನಲ್ಲವೆ ನೀನು.

ಒಂದು ವಿಷಯಕ್ಕೆ ಮಾತ್ರ ನಿನ್ನ ಕಿವಿ ಹಿಂಡಬೇಕು. ಈ ಸಲದ ಅಕ್ಷರ ಏನದು? ಸಾಲು ಮೇಲಕ್ಕೆ ಹೋಗಿ ಕೆಳಕ್ಕೆ ಬಿದ್ದಿದೆ, ದೀರ್ಘಗಳೆಲ್ಲ ಅರ್ಧಕ್ಕೆ ನಿಂತಿವೆ. ಅಕ್ಕನಿಗೆ ತಾನೆ ಎಂದು ಅವಸರದಲ್ಲಿ ಗೀಚಿ ಕಳಿಸಿದ್ದೀಯ. ರಜೆಯಲ್ಲಿ ಇರುವವನಿಗೆ ಅಷ್ಟೇನು ಅವಸರ?

ನನ್ನದು ಎರಡಕ್ಕೆ ಇಳಿದಿದೆ. ಕಾರ್ಡು ನೋಡಿದ ಡಾಕ್ಟರು ತಲೆಯಾಡಿಸಿ ಮಾತ್ರೆ ಕಡಿಮೆ ಮಾಡಿದರು. ಯಾಕೆ ಕಡಿಮೆ ಮಾಡಿದರು ಎಂದು ನನಗೆ ಗೊತ್ತು, ಅದನ್ನು ಬರೆಯುವುದಿಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ.

ಬಟ್ಟೆ ಒಣಹಾಕಲು ಮಹಡಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಕಿಟಕಿಯ ಸರಳಿಗೇ ಹಾಕುತ್ತೇನೆ. ಕೆಳಗಿನ ಮನೆಯಾಕೆ ಅದನ್ನು ಕಂಡು ಮೂಗು ಮುರಿದಳು, ಮುರಿಯಲಿ.

ಕೋಣೆಗೆ ಬೆಳಕು ಬರುತ್ತದೆಯೇ?

ಅಕ್ಕ


ಮಾರ್ಚ್ ೬

ಅಕ್ಕ,

ಬೆಳಕು ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಹತ್ತರವರೆಗೆ ಮಂಚದ ಅರ್ಧಕ್ಕೆ ಬಿಸಿಲು.

ಅಕ್ಷರದ ವಿಷಯ ಬರೆದಿದ್ದೀಯ. ಈ ಕಾಗದವನ್ನು ಎರಡು ಸಲ ಕೂತು ಬರೆಯುತ್ತಿದ್ದೇನೆ, ಹಾಗಾದರೂ ನೆಟ್ಟಗೆ ಬಂದೀತೇನೋ ನೋಡು. ನನ್ನದು ಈಗ ಎಂಟು. ನಾನು ಅಂಥ ಅಂಕವನ್ನು ಸುಮ್ಮನೆ ಬರೆಯುವವನಲ್ಲ ಎಂದು ನಿನಗೆ ಗೊತ್ತು. ಹೋದ ಸಲ ನೀನು ಜಾಣ ಎಂದಿದ್ದೆ, ತಮಾಷೆಗೆ ಅಂದದ್ದು ಎಂದುಕೊಂಡೆ. ತಮಾಷೆಯೇ ತಾನೆ?

ಎರಡಕ್ಕೆ ಇಳಿದದ್ದು, ಮಾತ್ರೆ ಕಡಿಮೆಯಾದದ್ದು ಓದಿ ನೆಮ್ಮದಿಯಾಯಿತು. ನಮ್ಮಿಬ್ಬರಲ್ಲಿ ಒಬ್ಬರಾದರೂ ದಡ ಸೇರುತ್ತಿದ್ದೇವೆ.

ಮಗಳು ವಾರಕ್ಕೆರಡು ಸಲ ಕೆಲಸ ಮುಗಿಸಿಕೊಂಡು ಬಂದುಹೋಗುತ್ತಾಳೆ. ಈ ಸಲ ಯಾವುದೋ ಅರ್ಜಿ ತಂದಿಟ್ಟಿದ್ದಾಳೆ. ಅದರ ಮಾತು ಇನ್ನೊಮ್ಮೆ. ನೀನು ಏನು ಬರೆಯುತ್ತೀಯೋ ನೋಡಿಕೊಂಡು.

ತಮ್ಮ


ಮಾರ್ಚ್ ೨೩

ಬಣ್ಣಪ್ಪಾ,

ಎಂಟು! ಭೇಷ್. ತಮಾಷೆಯಲ್ಲ, ಮನಸಾರೆ ಬರೆಯುತ್ತಿದ್ದೇನೆ. ಜೀವಮಾನದಲ್ಲಿ ನಿನಗೆ ಎಂಟು ಬಂದದ್ದು ಇದೇ ಮೊದಲು. ಅಮ್ಮ ಇದ್ದಿದ್ದರೆ ಬೀದಿಯವರನ್ನೆಲ್ಲ ಕರೆದು ಹೇಳುತ್ತಿದ್ದಳು. ಹೀಗೇ ಇರು.

ನಿಜ ಹೇಳಲೇ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನನ್ನದು ಒಂದು. ಈ ವಾರವಿಡೀ ಒಂದು. ಡಾಕ್ಟರು ಮಾತ್ರೆಯನ್ನೇ ನಿಲ್ಲಿಸಿದರು, ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನರ್ಸು ನನ್ನ ಕೈ ಕುಲುಕಿದಳು. ಹೀಗೆ ಕೈ ಕುಲುಕಿ ಕಳಿಸುವುದು ನಮ್ಮ ಕಾಲದಲ್ಲಿ ಇರಲಿಲ್ಲ.

ನನ್ನ ಅಂಕ ಬರೆದಿದ್ದೇನೆ. ಬಾಯಿಬಿಟ್ಟು ಹೇಳಿದ ಹಾಗೇ ಅದು. ಇದಕ್ಕಿಂತ ಬಿಡಿಸಿ ಬರೆಯಲು ನನ್ನಿಂದ ಆಗದು, ನಿನಗೆ ಗೊತ್ತಲ್ಲ ನನ್ನ ಸ್ವಭಾವ. ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಟ್ಟಿದ್ದೇನೆ.

ಅಕ್ಕ


ಏಪ್ರಿಲ್ ೩೦

ಅಕ್ಕ,

ತಡವಾಯಿತು. ನಿನ್ನ ಕಾಗದ ಓದಿ ಎಷ್ಟೋ ದಿನ ಉತ್ತರಿಸಲು ಮನಸ್ಸಾಗಲಿಲ್ಲ.

ನಿನ್ನದು ಒಂದು. ಸಂತೋಷ. ನನ್ನದು ಒಂಬತ್ತು. ಅದಕ್ಕೂ ಭೇಷ್ ಎಂದು ಬರೆಯುವುದಾದರೆ ಬರೆ.

ಪೆಟ್ಟಿಗೆಗೆ ಎಣ್ಣೆ ಬಿಟ್ಟದ್ದು ಯಾವ ಪ್ರವಾಸಕ್ಕೆ? ಮೈ ನೆಟ್ಟಗಾದ ಮೇಲೆ ಊರೂರು ಸುತ್ತುವ ಆಸೆ ನಿನಗೆ ಮೊದಲಿಂದಲೂ ಇತ್ತು. ಹೋಗಿ ಬಾ.

ತಮ್ಮ


ಮೇ ೧೨

ಇವತ್ತು ಸೊನ್ನೆ.

ಅಕ್ಕ


ಮೇ ೨೬

ಅಕ್ಕ,

ನಿನ್ನ ಕಾರ್ಡು ಬಂತು. ಎರಡೇ ಪದ, ಆದರೆ ಎಷ್ಟು ದೊಡ್ಡ ಸುದ್ದಿ. ಮಗಳಿಗೆ ಓದಿ ಹೇಳಿದೆ, ಕುಣಿಯುವ ಕತ್ತಿದ್ದಿದ್ದರೆ ಕುಣಿಯುತ್ತಿದ್ದೆ. ಹೋದ ಕಾಗದದಲ್ಲಿ ಒರಟಾಗಿ ಬರೆದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ನೋಯುವವನಿಗೆ ನಗುವವರನ್ನು ಕಂಡರೆ ಉರಿ.

ಈಗ ಆ ಅರ್ಜಿಯ ಮಾತು. ಹಿರಿಯರನ್ನು ನೋಡಿಕೊಳ್ಳುವ ಒಂದು ಮನೆ ಇದೆ, ಮಗಳ ಆಫೀಸಿನ ದಾರಿಯಲ್ಲೇ. ಅಲ್ಲಿ ಒಂದು ಮಂಚ ಖಾಲಿಯಾಗಿತ್ತು. ಮೂರು ತಿಂಗಳಿಂದ "ಸಹಿ ಹಾಕಪ್ಪಾ, ಒಬ್ಬನೇ ಇರೋಕಾಗಲ್ಲ ನಿಂಗೆ" ಎಂದು ಪೀಡಿಸುತ್ತಿದ್ದಳು. ನಾನು ಇವತ್ತು ನಾಳೆ ಎಂದು ತಳ್ಳುತ್ತಿದ್ದೆ. ಯಾಕೆ ತಳ್ಳುತ್ತಿದ್ದೆ ಎಂದು ಈಗ ಹೇಳಬಹುದು, ನೀನು ಬರುತ್ತೀಯೆಂದು ಕಾಯುತ್ತಿದ್ದೆ. ನೀನು ಸೊನ್ನೆಗೆ ಬಂದ ಮೇಲೆ ಕಣ್ಣು ತೆರೆಯಿತು. ನೋವಿಲ್ಲದೆ ಓಡಾಡಿಕೊಂಡಿರುವವಳನ್ನು ಕರೆತಂದು ನನ್ನ ಅಂಗಿಯ ಗುಂಡಿ ಹಾಕಲು ನಿಲ್ಲಿಸಿಕೊಳ್ಳುವುದು ಯಾವ ನ್ಯಾಯ? ಕಾರ್ಡು ಬಂದ ಮರುದಿನವೇ ಸಹಿ ಹಾಕಿದೆ. ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟಾಯಿತು. ಒಂದನೇ ತಾರೀಖಿನಿಂದ ನನ್ನ ವಿಳಾಸ ಹಿಂದಿನ ಪುಟದಲ್ಲಿದೆ.

ಯಾವಾಗಲಾದರೂ ಬಂದು ನೋಡಿಕೊಂಡು ಹೋಗು. ಹದಿನಾರು ಗಂಟೆಯ ರೈಲು ನಿನಗೀಗ ಯಾವ ಲೆಕ್ಕ.

ತಮ್ಮ


ಜುಲೈ ೧೮

ತಮ್ಮನಿಗೆ,

ವಿಳಾಸ ಬರೆದುಕೊಂಡೆ.

ಸೊನ್ನೆ ಎಂದು ಓದಿ ಕುಣಿಯಬೇಕು ಅನ್ನಿಸಿತು ಎಂದು ಬರೆದಿದ್ದೀಯ. ನಾನು ಸಾಯುವ ತನಕ ಈ ಸಾಲನ್ನು ಮರೆಯುವುದಿಲ್ಲ. ನೋವಿಲ್ಲದೆ ಓಡಾಡಿಕೊಂಡಿರುವವಳು ಎಂಬ ಕುಹಕ ಬೇರೆ, ಕತ್ತು ನೋವಿನ ನೆಪ ಬೇರೆ. ಒಂಬತ್ತು ಬಂದವನಿಗೆ ಸೊನ್ನೆ ಬಂದವಳ ಗೊಡವೆ ಯಾಕೆ, ಸರಿ. ಆದರೆ ಕೋಣೆಗೆ ಸುಣ್ಣ ಹೊಡೆಸಿದ್ದು, ಬಿಸಿಲು ಬರುತ್ತದೆ ಎಂದು ಬರೆದದ್ದು ಯಾಕೆ? ಅದನ್ನಾದರೂ ಬರೆಯದೆ ಇರಬಹುದಿತ್ತು.

ಇದಕ್ಕೆ ಉತ್ತರ ಬೇಡ.


ಸೆಪ್ಟೆಂಬರ್ ೭

ತಮ್ಮಾ,

ಕೂತುಕೊಂಡು ಓದು. ಓದಿದ ಮೇಲೆ ಬೈಯುವುದಾದರೆ ಬೈ.

ಆರು ತಿಂಗಳಾಗುತ್ತ ಬಂದಿತ್ತು, ಕ್ಲಿನಿಕ್ಕಿಗೆ ಹೋದೆ. ಮೇಜಿನ ಹಿಂದೆ ಹೊಸಬಳೊಬ್ಬಳಿದ್ದಳು. ಕಾರ್ಡು ತಿರುವಿ ನೋಡಿದಳು. ನಾಲ್ಕು ತಿಂಗಳು ಸಾಲಾಗಿ ಸೊನ್ನೆ. ಏನೋ ಕೇಳಿದಳು, ನಾನು ಎಂದಿನಂತೆ ಗೋಣು ಹಾಕಿದೆ. ಅವಳಿಗೆ ಅನುಮಾನ ಬಂದಿರಬೇಕು. ಕಾಗದದ ಮೇಲೆ ದಪ್ಪಗೆ ಬರೆದು ನನ್ನ ಮುಂದೆ ಹಿಡಿದಳು: "ನೋವೇ ಇಲ್ವಲ್ಲ ಅಮ್ಮ, ಮತ್ಯಾಕೆ ಬಂದ್ರಿ?"

ನಾನು ಕೂಗಿಬಿಟ್ಟೆ. "ನೋವಿಲ್ಲ ಅಂತ ಯಾರಮ್ಮ ಅಂದ್ರು? ಸೊನ್ನೆ ಹಾಕಿದೀನಿ, ಕಾಣಲ್ವಾ ನಿಂಗೆ?" ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಅದೇ ಕಾಗದದಲ್ಲಿ ಕೆಳಗೆ ಬರೆದಳು. ಸೊನ್ನೆ ಅಂದರೆ ನೋವೇ ಇಲ್ಲ. ಹತ್ತು ಅಂದರೆ ತಡೆಯಲಾರದ ನೋವು.

ನನಗೆ ಇದು ಯಾರೂ ಹೇಳಿರಲಿಲ್ಲ ಎಂದು ಹೇಳಲಾರೆ. ಹೇಳಿದ್ದರು, ನನಗೆ ಕೇಳಿಸಿರಲಿಲ್ಲ, ಕೇಳಿಸಲಿಲ್ಲ ಎನ್ನಲು ನಾಚಿಕೆಯಾಗಿ ಗೋಣು ಹಾಕಿದ್ದೆ. ಅಂಕ ಎಂದು ಅಚ್ಚಾಗಿದ್ದರೆ ನಾನು ಇನ್ನೇನು ತಿಳಿದುಕೊಳ್ಳಲಿ? ಯಾವ ಪಾಠದಲ್ಲಿ ಹತ್ತಕ್ಕೆ ಹತ್ತು ಬಂದವರು ನಪಾಸು? ಮೂರು ಎಂದರೆ ಫೇಲು ಎಂದು ಹಾಕಿದೆ. ಕೂತಲ್ಲಿ ನಿಂತಲ್ಲಿ ಉರಿ, ರವಿಕೆಯ ಬಟ್ಟೆ ತಾಗಿದರೆ ಕೆಂಡ ತಾಗಿದಂತೆ, ಎರಡು ಹಾಕಿದೆ. ಮಾತ್ರೆ ಕಡಿಮೆ ಮಾಡಿದಾಗ ಯಾಕೆಂದು ಗೊತ್ತು ಎಂದು ಬರೆದಿದ್ದೆನಲ್ಲ, ನಾನು ಏನು ತಿಳಿದುಕೊಂಡಿದ್ದೆ ಗೊತ್ತೆ? ಪರೀಕ್ಷೆ ಹತ್ತಿರ ಬಂದಾಗ ಪಾಸಾಗುವ ಮಕ್ಕಳ ಕಡೆಗೇ ನಾನು ಗಮನ ಕೊಡುತ್ತಿದ್ದೆ. ಹಿಂದಿನ ಸಾಲಿನ ಒಂದಿಬ್ಬರನ್ನು ಕೈಬಿಡುತ್ತಿದ್ದೆ. ಡಾಕ್ಟರೂ ನನ್ನನ್ನು ಹಾಗೇ ಕೈಬಿಟ್ಟರು ಎಂದುಕೊಂಡೆ. ಒಬ್ಬ ಟೀಚರು ಇನ್ನೊಬ್ಬ ಟೀಚರನ್ನು ಪ್ರಶ್ನಿಸುವುದು ಹೇಗೆ ಎಂದು ಸುಮ್ಮನಾದೆ.

ಮೇ ತಿಂಗಳಲ್ಲಿ ಮೂರು ದಿನ ಅನ್ನ ಬೇಯಿಸಲೂ ಏಳಲಿಲ್ಲ. ನಾಲ್ಕನೆಯ ದಿನ ಗೋಡೆ ಹಿಡಿದು ಅಂಚೆಪೆಟ್ಟಿಗೆಯವರೆಗೆ ಹೋಗಿ ಆ ಕಾರ್ಡು ಹಾಕಿ ಬಂದೆ. ಮೂವತ್ತಾರು ವರ್ಷದಲ್ಲಿ ಒಂದು ಮಗುವಿಗೂ ನಾನು ಸೊನ್ನೆ ಹಾಕಿದವಳಲ್ಲ. ಏನೂ ಬರೆಯದೆ ಹೆಸರು ಮಾತ್ರ ಬರೆದು ಎದ್ದುಹೋದವನಿಗೂ ಅರ್ಧ ಕೊಟ್ಟಿದ್ದೆ. ಸೊನ್ನೆ ನೋಡಿದರೆ ನನ್ನ ತಮ್ಮ ನನ್ನನ್ನು ಕರೆದೊಯ್ಯಲು ಮರುದಿನವೇ ಹೊರಡುತ್ತಾನೆ ಎಂದು ನಂಬಿದ್ದೆ.

ಕ್ಲಿನಿಕ್ಕಿನಿಂದ ಬಂದು ನಿನ್ನ ಕಾಗದಗಳನ್ನೆಲ್ಲ ಮಂಚದ ಮೇಲೆ ಹರವಿಕೊಂಡೆ. ಏಳು. ಎಂಟು. ಒಂಬತ್ತು. ಒಂದೊಂದಕ್ಕೂ ನಾನು ಏನು ಬರೆದಿದ್ದೆ ಎಂದು ನೆನಪು ಮಾಡಿಕೊಂಡೆ. ಕೈಯೆತ್ತಲಾಗದವನಿಗೆ ಅಕ್ಷರ ಕೆಟ್ಟಿದೆ ಎಂದು ಗದರಿಸಿದೆ. ಎಂಟಕ್ಕೆ ಭೇಷ್ ಎಂದೆ. ಹೀಗೇ ಇರು ಎಂದು ಬೇರೆ ಬರೆದೆ. ತಮ್ಮಾ, ನಾನು ಕೆಟ್ಟವಳಲ್ಲ, ದಡ್ಡಿ. ನಾಲ್ಕು ಜನರ ಮುಂದೆ ಕೇಳಿಸಲಿಲ್ಲ ಎಂದು ಹೇಳಲಾಗದ ದಡ್ಡಿ. ತಪ್ಪಾಯಿತು.

ಷರತ್ತಿನಂತೆ ಈಗ ಬಾಯಿಬಿಟ್ಟು ಹೇಳುತ್ತೇನೆ. ನನ್ನ ಕೈಲಿ ಆಗುತ್ತಿಲ್ಲ. ನಿನಗೂ ಆಗುತ್ತಿಲ್ಲ ಎಂದು ಈಗ ಗೊತ್ತಾಗಿದೆ. ನೀನು ಬಿಟ್ಟುಕೊಟ್ಟ ಮನೆ ಇನ್ನೂ ಸಿಗುತ್ತದೆಯೇ? ಕೇಳಿ ನೋಡು.

ಅಕ್ಕ


ಸೆಪ್ಟೆಂಬರ್ ೨೬

ಅಕ್ಕ,

ಇದನ್ನು ಬರೆಯಲು ಎಂಟು ದಿನ ಹಿಡಿಯಿತು, ದಿನಕ್ಕೆ ನಾಲ್ಕೈದು ಸಾಲು. ಮಗಳು ಬರೆದುಕೊಡುತ್ತೇನೆ ಅಂದಳು, ಬೇಡ ಎಂದೆ.

ಮನೆ ಸಿಗುವುದಿಲ್ಲ. ಮುಂದಿನ ಕೋಣೆಯಲ್ಲಿ ಈಗ ಒಬ್ಬರು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ, ಹಿಂದಿನ ಕೋಣೆಯಲ್ಲಿ ಅವರ ಮಕ್ಕಳು. ಮಗಳು ಹೋಗಿ ವಿಚಾರಿಸಿದಳು. ಐದು ವರ್ಷಕ್ಕೆ ಬರೆಸಿಕೊಂಡಿದ್ದಾರಂತೆ. ಅವಳದೋ ಒಂದೇ ಕೋಣೆ, ಅದರಲ್ಲೇ ನಾಲ್ಕು ಜನ.

ಇಲ್ಲಿ ಗಂಡಸರ ಹಾಲಿನಲ್ಲಿ ಎಂಟು ಮಂಚ. ಹೆಂಗಸರದು ಅಂಗಳದಾಚೆ, ಅಲ್ಲಿ ಆರೇ ಮಂಚ. ನಿನಗೊಂದು ಜಾಗ ಬೇಕೆಂದು ಮೇಲ್ವಿಚಾರಕರನ್ನು ಕೇಳಿದೆ. ನಾಲ್ಕು ಜನ ಮುಂಚೆಯೇ ಹೆಸರು ಬರೆಸಿ ಕಾಯುತ್ತಿದ್ದಾರೆ ಎಂದರು. ಐದನೆಯದಾಗಿ ನಿನ್ನ ಹೆಸರು ಬರೆಸಿದ್ದೇನೆ. ಮಂಚ ಖಾಲಿಯಾಗುವುದು ಹೇಗೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಾಚೆಯ ಮುದುಕಿಯರು ಬಿಸಿಲಿಗೆ ಬಂದು ಕೂತಾಗ ಅವರ ಮುಖ ನೋಡಲು ನನಗೆ ಈಗ ಸಂಕೋಚ.

ನಾನು ಬರೋಣವೆಂದರೆ ಕತ್ತಿಗೆ ಪಟ್ಟಿ ಹಾಕಿದ್ದಾರೆ. ರೈಲಿರಲಿ, ಆಟೋದಲ್ಲೂ ಕೂರಬಾರದು ಎಂದಿದ್ದಾರೆ ಡಾಕ್ಟರು. ಮಾರ್ಚಿನಲ್ಲಾಗಿದ್ದರೆ ಬರುತ್ತಿದ್ದೆ. ಹೇಗಾದರೂ ಬರುತ್ತಿದ್ದೆ.

ಒಂದು ಮಾತು ಬರೆಯದೆ ಇದನ್ನು ಮುಗಿಸಲಾರೆ. ತಪ್ಪಾಯಿತು ಎಂದಿದ್ದೀಯ. ಪೂರ್ತಿ ನಿನ್ನದಲ್ಲ. ಬಟ್ಟೆ ಒಣಹಾಕಲು ಮಹಡಿಗೆ ಹೋಗುವುದಿಲ್ಲ ಎಂದು ನೀನು ಬರೆದದ್ದನ್ನು ನಾನು ಓದಿದ್ದೆ. ಎರಡು ಅಂಕದ ನೋವಿನವಳು ಮಹಡಿ ಹತ್ತುವುದನ್ನು ಯಾಕೆ ಬಿಟ್ಟಳು ಎಂದು ಒಂದು ಗಳಿಗೆ ಮನಸ್ಸಿಗೆ ಬಂದಿತ್ತು. "ಇವತ್ತು ಸೊನ್ನೆ" ಎಂಬ ಕಾರ್ಡಿನಲ್ಲಿ ನಗು ಇರಲಿಲ್ಲ, ಅದೂ ಕಂಡಿತ್ತು. ಕೇಳಲಿಲ್ಲ. ಕೇಳಿ, ನೀನು ಬಾ ಎಂದುಬಿಟ್ಟರೆ ಈ ಕತ್ತು ಹೊತ್ತುಕೊಂಡು ಹೇಗೆ ಬರಲಿ, ಹೇಗೆ ನೋಡಿಕೊಳ್ಳಲಿ ಎಂದು ಭಯವಾಯಿತು. ನೀನು ಚೆನ್ನಾಗಿದ್ದೀಯ ಎಂದು ನಂಬುವುದು ಸುಲಭವಿತ್ತು, ನಂಬಿದೆ. ನಿನಗೆ ಕಿವಿ ಕೇಳಿಸಲಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನು ಅಂಕ ಬರೆಯಬೇಡ ಅಕ್ಕ. ಹೇಗಿದ್ದೀಯ ಎಂದು ಬರೆ.

ತಮ್ಮ


ಅಕ್ಟೋಬರ್ ೧೪

ತಮ್ಮಾ,

ಮಾತ್ರೆ ಮತ್ತೆ ಶುರುವಾಗಿದೆ, ಈ ಸಲ ಸರಿಯಾದ ಪ್ರಮಾಣದಲ್ಲಿ. ಹಗಲೆಲ್ಲ ತೂಕಡಿಕೆ. ಮೊದಲ ವಾರ ಏನೂ ಅನ್ನಿಸಲಿಲ್ಲ, ಈಗ ಬೆಳಗಿನ ಹೊತ್ತು ಸ್ವಲ್ಪ ಹಗುರ. ಪೂರ್ತಿ ಹೋಗುವುದಿಲ್ಲವಂತೆ, ಮೊದಲೇ ಸರಿಯಾಗಿ ಹಿಡಿದಿದ್ದರೆ ಇನ್ನಷ್ಟು ಬಗ್ಗುತ್ತಿತ್ತಂತೆ. ಅದನ್ನೂ ಕಾಗದದಲ್ಲಿ ಬರೆದು ತೋರಿಸಿದರು. ಅರ್ಥವಾಗದ್ದನ್ನು ಎರಡೆರಡು ಸಲ ಬರೆಸಿಕೊಂಡೆ, ನಾಚಿಕೆ ಪಡಲಿಲ್ಲ.

ಐದನೆಯವಳಾಗಿ ಕಾಯುತ್ತೇನೆ. ಆ ನಾಲ್ಕು ಜನ ಚೆನ್ನಾಗಿರಲಿ. ಅಂಗಳದ ಮುದುಕಿಯರೂ ಚೆನ್ನಾಗಿರಲಿ, ಅವರ ಮುಖ ನೋಡಿ ಮಾತಾಡಿಸು, ಪಾಪ. ಅವರೆಲ್ಲ ಚೆನ್ನಾಗಿದ್ದರೆ ನಾನು ಅಲ್ಲಿಗೆ ಬರುವುದಿಲ್ಲ ಎಂಬ ಲೆಕ್ಕ ನನಗೂ ಬರುತ್ತದೆ.

ಹೇಗಿದ್ದೀಯ ಎಂದು ಬರೆ ಅಂದಿದ್ದೀಯ. ಬರೆಯಲು ಕೂತು ಗಂಟೆಯಾಯಿತು. ಇಂಥದನ್ನು ಬರೆದು ಅಭ್ಯಾಸವಿಲ್ಲ. ಮೂರು ಸಲ ಹೊಡೆದುಹಾಕಿದೆ.

ಇವತ್ತು ಮಧ್ಯಾಹ್ನದಿಂದ ತುಂಬಾ ನೋಯುತ್ತಿದೆ. ಕುರ್ಚಿಯ ಬಲಗಡೆಗೆ ವಾಲಿಕೊಂಡು ಕೂತಿದ್ದೇನೆ, ಎಡಗಡೆ ಗಾಳಿ ತಾಗಿದರೂ ಉರಿಯುತ್ತದೆ ಎಂದು ಕಿಟಕಿ ಮುಚ್ಚಿದ್ದೇನೆ. ಬೆಳಗಿನಿಂದ ಯಾರ ಜೊತೆಗೂ ಮಾತಾಡಿಲ್ಲ. ನಿನ್ನೆಯೂ ಆಡಿಲ್ಲ. ನನಗೆ ನೀನು ಬೇಕಾಗಿತ್ತು, ತಮ್ಮಾ. ಮೊದಲ ಕಾಗದದಲ್ಲೇ ಅದನ್ನು ಬರೆಯಬೇಕಾಗಿತ್ತು.

ಅಕ್ಕ